ಸೂರ್ಯನಿಗೆ ಅಡ್ಡ ಹಿಡಿದ ಕೊಡೆ

ಅಮೆರಿಕದ ಲೇಖಕ ಕಿಮ್ ಸ್ಟ್ಯಾನ್ಲಿ ರಾಬಿನ್‌ಸನ್ ಅವರ ‘ದಿ ಮಿನಿಸ್ಟ್ರಿ ಫಾರ್ ದಿ ಫ್ಯೂಚರ್’ (2020) ಕಾದಂಬರಿ ಆರಂಭವಾಗುವುದು ನಮ್ಮದೇ ದೇಶದ ಉತ್ತರ ಪ್ರದೇಶದ ಒಂದು ಊರಿನಲ್ಲಿ. ಬಿಸಿಗಾಳಿಗೆ ತತ್ತರಿಸಿದ ಜನ ತಂಪನ್ನರಸಿ ಕೆರೆಗೆ ಇಳಿಯುತ್ತಾರೆ. ಕೆರೆಯ ನೀರೂ ಕಾದಿರುತ್ತದೆ. ಅಂಕಿಅಂಶಗಳ ಮರೆಯಲ್ಲಿ ಅಡಗಿಹೋಗುವ ಮರಣವನ್ನು ಕಣ್ಣೆದುರಿಗೆ ತಂದು ನಿಲ್ಲಿಸುವ ಈ ಅಧ್ಯಾಯಕ್ಕಾಗಿಯಾದರೂ ಕೃತಿಯನ್ನು ಓದಬೇಕು.

ಕಥೆಯಲ್ಲಿ ಎರಡು ಕೋಟಿ ಜನರನ್ನು ಕಳೆದುಕೊಂಡ ಭಾರತವು ಇತರ ರಾಷ್ಟ್ರಗಳ ಒಪ್ಪಿಗೆಗೆ ಕಾಯದೆ, ವಿಮಾನಗಳ ಮೂಲಕ ವಾಯುಮಂಡಲದ ಮೇಲ್ಪದರದಲ್ಲಿ ಗಂಧಕದ ಡೈಆಕ್ಸೈಡನ್ನು ಹರಡುತ್ತದೆ. ಬಿಸಿಲಿನ ಒಂದಂಶ ಪ್ರತಿಫಲಿಸಿ ಹಿಂದಿರುಗಲಿ, ಭೂಮಿ ತಣಿಯಲಿ ಎಂಬುದು ಅದರ ಆಶಯ.

ಇದು ಬರಿಯ ಕಲ್ಪನೆಯಲ್ಲ. 1991ರಲ್ಲಿ ಫಿಲಿಪ್ಪೀನ್ಸಿನ ಪಿನಾಟುಬೊ ಜ್ವಾಲಾಮುಖಿ ಸುಮಾರು 1.5ರಿಂದ 2 ಕೋಟಿ ಟನ್ ಗಂಧಕದ ಡೈಆಕ್ಸೈಡನ್ನು ಉಗುಳಿದಾಗ ಭೂಮಿಯ ಸರಾಸರಿ ಉಷ್ಣಾಂಶ ಸುಮಾರು 0.5 ಡಿಗ್ರಿ ಸೆಲ್ಸಿಯಸ್‌ನಷ್ಟು ತಾತ್ಕಾಲಿಕವಾಗಿ ಇಳಿಯಿತು. ಓಝೋನ್ ಸಂಶೋಧನೆಗಾಗಿ 1995ರಲ್ಲಿ ನೊಬೆಲ್ ಪಡೆದ ಪಾಲ್ ಕ್ರುಟ್ಜೆನ್ 2006ರ ಲೇಖನದಲ್ಲಿ ಈ ಮಾರ್ಗದ ಪರಿಶೀಲನೆ ಅಗತ್ಯವೆಂದರು. ಆದರೆ ಹೊಗೆಯನ್ನು ಕಡಿಮೆ ಮಾಡುವುದೇ ಮೇಲೆಂದು ಅವರೂ ಒಪ್ಪಿದ್ದರು.

ನೊಂದವರ ಕೋಪ ನ್ಯಾಯವಾದುದೆಂದು ಕಾದಂಬರಿ ನಮಗೆ ಮನಗಾಣಿಸುತ್ತದೆ. ಅದು ಅದರ ಹಿರಿಮೆ. ಆದರೆ ಗಂಧಕ ಹರಡಿದ ಬಳಿಕ ಕಥೆ ಬೇರೆ ಪರಿಹಾರಗಳತ್ತ ಬೇಗನೆ ಸರಿದುಹೋಗುತ್ತದೆ. ಅದು ಅದರ ಕೊರತೆ. ಬಿಸಿಲು ಕುಗ್ಗಿದರೆ ನೀರು ಆವಿಯಾಗುವುದೂ ಕುಗ್ಗುತ್ತದೆ. ಮುಂಗಾರನ್ನೇ ನಂಬಿದ ರೈತನ ಗತಿಯೇನು? ಗಂಧಕದ ಕಣಗಳು ಒಂದೆರಡು ವರ್ಷಗಳಲ್ಲಿ ಕೆಳಗಿಳಿಯುತ್ತವೆ. ಇಂಗಾಲದ ಡೈಆಕ್ಸೈಡ್ ಶತಮಾನಗಳ ಕಾಲ ಉಳಿಯುತ್ತದೆ. ಆದುದರಿಂದ ಮತ್ತೆ ಮತ್ತೆ ಹರಡುತ್ತಲೇ ಇರಬೇಕು. ಯುದ್ಧವೋ ಬಡತನವೋ ಬಂದು ಒಮ್ಮೆಲೇ ನಿಲ್ಲಿಸಿದರೆ, ತಡೆದಿಟ್ಟ ತಾಪವೆಲ್ಲ ಕೆಲವೇ ವರ್ಷಗಳಲ್ಲಿ ಮರಳುತ್ತದೆ. ಸಮುದ್ರಗಳು ಆಮ್ಲೀಯವಾಗುವುದಂತೂ ಇದರಿಂದ ನಿಲ್ಲದು.

ಕೃತಿಯಲ್ಲಿ ನಾನು ಅರಸಿದ ಇನ್ನೊಂದು ದನಿ ವಾಸ್ತವದಲ್ಲಿ ಕೇಳಿಬಂದಿದೆ. ಹಾರ್ವರ್ಡ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 2021ರಲ್ಲಿ ಉತ್ತರ ಸ್ವೀಡನ್ನಿನಲ್ಲಿ ಬಲೂನ್ ಹಾರಿಸಿ ಪ್ರಯೋಗದ ಉಪಕರಣಗಳನ್ನು ಪರೀಕ್ಷಿಸಲು ಹೊರಟಾಗ, ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನರ ಮಂಡಳಿ ಆಕ್ಷೇಪಿಸಿತು. ಆ ಪರೀಕ್ಷೆ ನಡೆಯಲಿಲ್ಲ. 2024ರಲ್ಲಿ ಯೋಜನೆಯೇ ಕೊನೆಗೊಂಡಿತು. ಬಲಿಷ್ಠ ರಾಷ್ಟ್ರವೊಂದು ಕೋಪದಲ್ಲಿ ತೀರ್ಮಾನಿಸುವುದನ್ನು ರಾಬಿನ್‌ಸನ್ ಚೆನ್ನಾಗಿ ಬಲ್ಲರು, ‘ನಮ್ಮನ್ನು ಕೇಳಿದಿರಾ?’ ಎನ್ನುವ ಸಣ್ಣ ಸಮುದಾಯಕ್ಕೆ ಇಲ್ಲಿ ಸಾಕಷ್ಟು ಎಡೆ ದೊರೆತಿಲ್ಲ.

ಜ್ವರ ಏರಿದ ಮಗುವಿನ ಹಣೆಗೆ ತಾಯಿ ಒದ್ದೆ ಬಟ್ಟೆ ಹಾಕುತ್ತಾಳೆ. ಅದನ್ನು ಯಾರೂ ತಪ್ಪೆನ್ನರು. ಆದರೆ ಬಟ್ಟೆ ಹಾಕಿದೆವೆಂದು ಔಷಧಿಯನ್ನು ಮರೆತರೆ? ಸೂರ್ಯನಿಗೆ ಕೊಡೆ ಹಿಡಿಯಬಹುದೇ ಎಂಬ ಪ್ರಶ್ನೆಗಿಂತ, ಕೊಡೆ ಸಿಕ್ಕಿತೆಂದು ನಾವು ಬೆಂಕಿಯನ್ನು ಇನ್ನಷ್ಟು ಉರಿಸುವೆವೇ ಎಂಬ ಪ್ರಶ್ನೆ ದೊಡ್ಡದು. ಕಾದಂಬರಿಯನ್ನು ಓದಿರಿ, ಈ ಪ್ರಶ್ನೆಯನ್ನು ನಿಮ್ಮ ಮನೆಯ ಮಕ್ಕಳೊಡನೆ ಚರ್ಚಿಸಿರಿ. ಅದರ ಉತ್ತರದೊಡನೆ ಬಾಳಬೇಕಾದವರು ಅವರೇ.