ಇಪ್ಪತ್ತೆಂಟು ದಿನದ ತಿಂಗಳು

2024ರ ಆಗಸ್ಟ್ 10, ಶನಿವಾರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಕ್ರೆಸ್ಟ್ ಗೇಟಿನ ಚೈನ್ ಕಡಿದು ಗೇಟು ಕೊಚ್ಚಿಕೊಂಡು ಹೋಯ್ತಲ್ಲ, ಆ ಸುದ್ದಿ ನನಗೆ ಗೊತ್ತಾಗಿದ್ದು ಭಾನುವಾರ ಬೆಳಿಗ್ಗೆ, ಬೆಂಗಳೂರಿನ ರೂಮಿನಲ್ಲಿ, ಹಾಸಿಗೆಯಲ್ಲಿ ಬಿದ್ದುಕೊಂಡು ಮೊಬೈಲ್ ನೋಡುವಾಗ. ಅವ್ವ ಇರೋದು ಹುಲಿಗಿಯಲ್ಲಿ. ಡ್ಯಾಮಿನ ಕೆಳಗೆ, ಹೊಳೆ ದಂಡೆಯ ಊರು. ತಕ್ಷಣ ಫೋನ್ ಹಚ್ಚಿದೆ. ಎತ್ತಿದವಳೇ ಬೈದಳು.

"ರಾತ್ರಿಯಿಂದ ಎಷ್ಟ್ ಸಲ ಹಚ್ಚೀನಿ ಗೊತ್ತೇನು? ಯಾವಾಕಿನೋ ಒಬ್ಬಾಕಿ ನಡುವ ಬಂದು ಏನೇನೋ ಹೇಳಿ ಇಟ್ಟುಬಿಡ್ತಾಳ."

ಆಕೆ ಹೇಳ್ತಿದ್ದದ್ದು ಇಷ್ಟೇ: ಕರೆನ್ಸಿ ಮುಗಿದಿದೆ, ರಿಚಾರ್ಜ್ ಮಾಡಿಸಿ. ವ್ಯಾಲಿಡಿಟಿ ಮುಗಿದು ಎರಡು ದಿನ ಆಗಿತ್ತು. ಒಳಗೆ ಬರೋ ಕರೆ ಇನ್ನೂ ಬರ್ತಿತ್ತು, ಹೊರಗೆ ಹೋಗೋದು ನಿಂತಿತ್ತು. ತಪ್ಪು ನನ್ನದು, ಮರೆತಿದ್ದೆ. ಆದರೆ ಯಾಕೆ ಮರೆತೆ? ಮನೆ ಬಾಡಿಗೆ 5ಕ್ಕೆ ಕೊಡ್ತೀನಿ, ಇಎಂಐ 7ಕ್ಕೆ ಹೋಗುತ್ತೆ. ಅವ್ವನ ರಿಚಾರ್ಜ್‌ಗೆ ಮಾತ್ರ ತಾರೀಖೇ ಇಲ್ಲ. ಈ ತಿಂಗಳು 8 ಆದರೆ ಮುಂದಿನ ತಿಂಗಳು 5, ಆಮೇಲೆ 3. ಅದರ ತಿಂಗಳಿಗೆ 28 ದಿನ. ಹುಣ್ಣಿಮೆಯ ಲೆಕ್ಕ ಹುಲಿಗಿಯವರಿಗೆ ಬಾಯಿಪಾಠ, ಹುಲಿಗೆಮ್ಮನ ಗುಡಿಗೆ ಜನ ತುಂಬಿ ಬರೋದೇ ಅವತ್ತು. ಆದರೆ ಹುಣ್ಣಿಮೆಗೂ 29 ದಿನ ಬೇಕು, ಕೆಲವು ಸಲ 30.

ಅವತ್ತಿನಿಂದ ರಿಚಾರ್ಜ್ ಪ್ಲಾನ್‌ಗಳ ಪಟ್ಟಿಯನ್ನು ಪುಸ್ತಕ ಓದಿದ ಹಾಗೆ ಕೂತು ಓದೋಕೆ ಶುರು ಮಾಡಿದೆ. ಇದು ಆ ಪಟ್ಟಿಯ ವಿಮರ್ಶೆ ಅಂತಲೇ ಇಟ್ಟುಕೊಳ್ಳಿ.

ಮೊದಲು ಎಲ್ಲರಿಗೂ ಕಂಡ ಏರಿಕೆ. 2024ರ ಜೂನ್ ಕೊನೆಗೆ ಸ್ಪೆಕ್ಟ್ರಮ್ ಹರಾಜು ಮುಗಿಯಿತು. ಮಾರನೆಯ ದಿನವೇ ಜಿಯೋ, ಅದರ ಬೆನ್ನಿಗೇ ಏರ್‌ಟೆಲ್ ಮತ್ತು ವಿಐ ದರ ಏರಿಕೆ ಪ್ರಕಟಿಸಿದವು. ಜುಲೈ 3 ಮತ್ತು 4ರಿಂದ ಜಾರಿ. ಜಿಯೋದ ₹155 ಪ್ಲಾನ್ ₹189 ಆಯಿತು, ₹239ರದ್ದು ₹299. ಏರ್‌ಟೆಲ್‌ನ ₹179 ಪ್ಲಾನ್ ₹199. ಈ ಏರಿಕೆಯನ್ನು ಬೈಯೋದು ಸುಲಭ, ಬೈದೂ ಆಯ್ತು. ಕನಿಷ್ಠ ಇದು ಪೇಪರಿನಲ್ಲಿ ಬಂತು, ಕಣ್ಣಿಗೆ ಬಿತ್ತು.

ಎರಡನೆಯದು ದಿನ ಕತ್ತರಿಸೋ ಏರಿಕೆ. ವರ್ಷವನ್ನು 28ರಿಂದ ಭಾಗಿಸಿ ನೋಡಿ: 12 ಅಲ್ಲ, 13 ರಿಚಾರ್ಜ್. ಒಂದು ತಿಂಗಳ ದುಡ್ಡು ಕ್ಯಾಲೆಂಡರಿನ ಸಂದಿಯಿಂದ ಹೋಗುತ್ತೆ. ಇನ್ನೂ ಕಡಿಮೆ ದಿನದ್ದೂ ಬಂದಿತ್ತು. 2023ರ ಜನವರಿಯಲ್ಲಿ ಕರ್ನಾಟಕದಲ್ಲಿ ಏರ್‌ಟೆಲ್ ತನ್ನ ₹99ರ ಕನಿಷ್ಠ ರಿಚಾರ್ಜ್ ತೆಗೆದು ₹155 ಮಾಡಿತು. ಹಳೆಯದಕ್ಕೆ 28 ದಿನ, ಹೊಸದಕ್ಕೆ 24. ₹155ರಲ್ಲಿ ಕರೆ ಅನ್‌ಲಿಮಿಟೆಡ್ ಇತ್ತು, ₹99ರಲ್ಲಿ ಇರಲಿಲ್ಲ; ಅದನ್ನೂ ಹೇಳಬೇಕು. ಆದರೆ ಬರೀ ಸಿಮ್ ಜೀವಂತ ಇಟ್ಟುಕೊಂಡು ಮಗನ ಫೋನಿಗೆ ಕಾಯುವವಳಿಗೆ ಅನ್‌ಲಿಮಿಟೆಡ್ ಯಾಕೆ?

ಮೂರನೆಯದು ಬೆಲೆ ಮುಟ್ಟದೆ ಮಾಡೋ ಏರಿಕೆ. 2025ರ ಆಗಸ್ಟ್‌ನಲ್ಲಿ ದಿನಕ್ಕೆ 1 ಜಿಬಿಯ ₹249 ಪ್ಲಾನ್ ಮೊದಲು ಜಿಯೋದ, ಎರಡೇ ದಿನದಲ್ಲಿ ಏರ್‌ಟೆಲ್‌ನ ಆ್ಯಪ್‌ಗಳಿಂದ ಮಾಯವಾಯಿತು. ಯಾವ ಪ್ಲಾನಿನ ಬೆಲೆಯೂ ಏರಲಿಲ್ಲ. ಏಣಿಯ ಒಂದು ಮೆಟ್ಟಿಲು ಕಿತ್ತರು ಅಷ್ಟೇ, ಮುಂದಿನ ಮೆಟ್ಟಿಲು ₹50 ಮೇಲಿತ್ತು.

ಹಿಂದೆ ಹೀಗಿರಲಿಲ್ಲ. 2005ರ ಕೊನೆಗೆ ಒಂದು ಸಲ ₹999 ಕೊಟ್ಟರೆ ಲೈಫ್‌ಟೈಮ್ ಇನ್‌ಕಮಿಂಗ್ ಅನ್ನೋ ಪ್ಲಾನ್‌ಗಳು ಬಂದವು. ಮಿಸ್ ಕಾಲ್ ಕೊಟ್ಟೇ ಸಂಸಾರ ನಡೆಸಿದ ಕಾಲ ಅದು. 2018ರ ಕೊನೆಗೆ 28 ದಿನಕ್ಕೆ ₹35ರ ಕನಿಷ್ಠ ರಿಚಾರ್ಜ್ ಶುರುವಾಯಿತು, ಕರೆ ಸ್ವೀಕರಿಸೋಕೂ ಬಾಡಿಗೆ ಬಂತು. ಆ ₹35ರ ಜಾಗದಲ್ಲಿ ಆರು ವರ್ಷಕ್ಕೆ ₹199 ಕೂತಿತು.

ಕಂಪನಿಗಳ ಕಡೆಗೂ ಮಾತಿದೆ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ ಡೇಟಾ ಅಗ್ಗವಾಯಿತು, ಅದರಲ್ಲೇ ನಾವೆಲ್ಲ ವರ್ಕ್ ಫ್ರಮ್ ಹೋಮ್ ಮಾಡಿದ್ದು. 2022ರ ಹರಾಜಿನಲ್ಲಿ ಸ್ಪೆಕ್ಟ್ರಮ್‌ಗೆ ₹1.5 ಲಕ್ಷ ಕೋಟಿ ಸುರಿದಿದ್ದಾರೆ, ಅದು ಎಲ್ಲಿಂದಲೋ ಬರಬೇಕು. ಒಪ್ಪೋಣ. ಆದರೆ ದಿನಾ ರೀಲ್ಸ್ ನೋಡೋ ನನ್ನ ಡೇಟಾದ ಸಾಲವನ್ನು ಬಟನ್ ಫೋನಿನ ಅವ್ವ ಯಾಕೆ ತೀರಿಸಬೇಕು? ಅವಳಿಗೆ ಬೇಕಾದ್ದು ಮಾತು. ಅದರ ಜೊತೆ ಅವಳ ಫೋನಿನಲ್ಲಿ ತೆರೆಯಲೂ ಆಗದ ಡೇಟಾವನ್ನು ಕಟ್ಟಿ ಮಾರ್ತಾರೆ. ನನ್ನ ತಕರಾರು ಬೆಲೆಗಿಂತ ಹೆಚ್ಚಾಗಿ ಈ ಗಂಟಿನ ಬಗ್ಗೆ.

ಸರ್ಕಾರ ಏನು ಮಾಡುತ್ತೆ ಅಂದರೆ, ದರ ನಿಗದಿ ಕಂಪನಿಗಳಿಗೇ ಬಿಟ್ಟದ್ದು. ಟ್ರಾಯ್‌ಗೆ ಆಮೇಲೆ ವರದಿ ಕೊಟ್ಟರಾಯಿತು. ಇಂಗ್ಲೆಂಡಿನಲ್ಲಿ ಪ್ರತಿ ವರ್ಷದ ಏರಿಕೆ ಕಾಂಟ್ರಾಕ್ಟಿನಲ್ಲೇ ಬರೆದಿರುತ್ತೆ. 2025ರ ಜನವರಿ 17ರಿಂದ ಅಲ್ಲಿನ ಆಫ್‌ಕಾಮ್, ಹೊಸ ಕಾಂಟ್ರಾಕ್ಟುಗಳಲ್ಲಿ ಹಣದುಬ್ಬರಕ್ಕೆ ಗಂಟು ಹಾಕಿ ಏರಿಸೋ ಹಾಗಿಲ್ಲ, ಎಷ್ಟು ಪೌಂಡು ಎಷ್ಟು ಪೆನ್ಸ್ ಅಂತ ಮೊದಲೇ ಹೇಳಬೇಕು ಅಂದಿದೆ. ಏರಿಕೆ ನಿಂತಿಲ್ಲ, ಆದರೆ ತಿಳಿಯುತ್ತೆ. ಪ್ರಿಪೇಯ್ಡ್ ದೇಶವಾದ ನಮಗೆ ಕಾಂಟ್ರಾಕ್ಟೇ ಇಲ್ಲ, ಟಿವಿ ಸುದ್ದಿಯೇ ನೋಟಿಸ್.

ಆದರೂ ಟ್ರಾಯ್ ಎರಡು ಒಳ್ಳೆ ಕೆಲಸ ಮಾಡಿದೆ, ನಾವೇ ಬಳಸಿಕೊಳ್ತಿಲ್ಲ. 2022ರ ಜನವರಿಯಲ್ಲಿ, ಪ್ರತಿ ಕಂಪನಿ 30 ದಿನದ ಒಂದಾದರೂ ಪ್ಲಾನ್, ತಿಂಗಳು ತಿಂಗಳು ಅದೇ ತಾರೀಖಿಗೆ ಬರೋ ಒಂದಾದರೂ ಪ್ಲಾನ್ ಕೊಡಲೇಬೇಕು ಅಂತ ಆದೇಶಿಸಿತು. 2024ರ ಡಿಸೆಂಬರ್ 23ರಂದು, ಡೇಟಾ ಇಲ್ಲದ, ಬರೀ ಕರೆ ಮತ್ತು ಎಸ್ಸೆಮ್ಮೆಸ್ ಇರೋ ಪ್ಲಾನ್ ಕಡ್ಡಾಯ ಮಾಡಿತು, 365 ದಿನದವರೆಗೂ ಇರಬಹುದು ಅಂತ. ಏರ್‌ಟೆಲ್ ಮೊದಲು ವರ್ಷಕ್ಕೆ ₹1,959 ಇಟ್ಟಿತು. ಪರಿಶೀಲಿಸ್ತೀವಿ ಅಂತ ಟ್ರಾಯ್ ಹೇಳಿದ್ದೇ ತಡ, ಕೆಲವೇ ದಿನದಲ್ಲಿ ₹1,849ಕ್ಕೆ ಇಳಿಯಿತು. ಯಾರಾದರೂ ನೋಡ್ತಿದ್ದಾರೆ ಅಂತ ಗೊತ್ತಾದರೆ ಬೆಲೆ ಇಳಿಯುತ್ತೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಈಗ ಲೆಕ್ಕ ಹಾಕಿ. ₹199ರ ರಿಚಾರ್ಜ್ ವರ್ಷಕ್ಕೆ 13 ಸಲ ಅಂದರೆ ₹2,587. ವರ್ಷದ ವಾಯ್ಸ್ ಪ್ಲಾನ್ ₹1,849. ₹738 ಉಳಿತಾಯ, ತಾರೀಖು ಮರೆಯೋ ಕಾಟವೂ ಇಲ್ಲ. ಈ ಪ್ಲಾನ್ ಆ್ಯಪಿನಲ್ಲಿ ಮೊದಲ ಪುಟಕ್ಕೆ ಬರೋದಿಲ್ಲ. ಒಟಿಟಿ, 5ಜಿ, ಕ್ರಿಕೆಟ್ ಎಲ್ಲ ದಾಟಿ ಕೆಳಗೆ ಹೋಗಬೇಕು. ಹೋಗಿ. ಕಂಪನಿ ಬದಲಿಸಬೇಕಾ? 1900ಕ್ಕೆ ಇಂಗ್ಲಿಷಿನಲ್ಲಿ ಪೋರ್ಟ್ ಅಂತ ಬರೆದು ನಂಬರ್ ಸೇರಿಸಿ ಎಸ್ಸೆಮ್ಮೆಸ್ ಮಾಡಿ. 2024ರ ಜುಲೈ ಒಂದೇ ತಿಂಗಳಲ್ಲಿ, ಬೆಲೆ ಏರಿಸದ ಬಿಎಸ್‌ಎನ್‌ಎಲ್‌ಗೆ 29 ಲಕ್ಷ ಗ್ರಾಹಕರು ಸೇರಿದರು, ಮೂರು ಖಾಸಗಿ ಕಂಪನಿಗಳೂ ಕಳೆದುಕೊಂಡವು. ಆ ಹುರುಪು ವರ್ಷದ ಕೊನೆಯವರೆಗೂ ನಿಲ್ಲಲಿಲ್ಲ ಅನ್ನೋದೂ ನಿಜ. ಮೊದಲು ಊರಿನಲ್ಲಿ ಸಿಗ್ನಲ್ ನೋಡಿ.

ಆದರೆ ಈ ಸಲಹೆ ಯಾರಿಗೆ? ಒಂದೇ ಸಲ ₹1,849 ತೆಗೆಯಬಲ್ಲ ನಮಗೆ. ಕರ್ನಾಟಕದಲ್ಲಿ 2025–26ರ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ ₹370. ಐದು ದಿನ ಮಣ್ಣು ಹೊತ್ತರೆ ₹1,850. ಅಷ್ಟನ್ನು ಒಟ್ಟಿಗೆ ಕೊಡಲಾಗದವರು ಅದೇ ಮಾತಿಗೆ ವರ್ಷಕ್ಕೆ ನಮಗಿಂತ ಹೆಚ್ಚು ಕೊಡ್ತಾರೆ, 13 ಕಂತಿನಲ್ಲಿ. ಬಿಡಿಯಾಗಿ ಕೊಂಡವರಿಗೆ ಎಲ್ಲವೂ ತುಟ್ಟಿ. ಅವರಿಗಾಗಿ ಬೇಕಿರೋದು ಡೇಟಾ ಇಲ್ಲದ, 30 ದಿನದ, ನಿಜಕ್ಕೂ ಅಗ್ಗದ ಪ್ಲಾನ್. ಟ್ರಾಯ್ ಕೇಳಬೇಕಾದ್ದೂ ಅದನ್ನೇ.

ಮೊನ್ನೆ ಹುಣ್ಣಿಮೆಗೆ ಊರಿಗೆ ಹೋಗಿದ್ದೆ. ಅವ್ವನ ಫೋನಿಗೆ ವರ್ಷದ ಪ್ಲಾನ್ ಹಾಕಿ, ಇನ್ನು ಆ ಹೆಣ್ಮಗಳು ನಡುವೆ ಬರೋದಿಲ್ಲ ಅಂದೆ. ಅವ್ವ ಫೋನನ್ನು ಎಲೆ-ಅಡಿಕೆ ಚೀಲದೊಳಗೆ ಇಟ್ಟುಕೊಳ್ಳುತ್ತಾ ಕೇಳಿದಳು:

"ಬರೋ ವರ್ಷನೂ ಇಷ್ಟ ಇರ್ತದೇನು?"

ನಾನು ಚಾ ಕುಡಿದೆ.