97 ಅಂಕಕ್ಕೆ ಒಂದು ಚಮಚ ನೀರು

ಅಮೃತ್ ಫ್ಯೂಷನ್ ಬಗ್ಗೆ ಯಾರು ಬರೆದರೂ ಮೊದಲ ಪ್ಯಾರಾದಲ್ಲೇ 97 ಬಂದುಬಿಡುತ್ತದೆ. ಇಂಗ್ಲೆಂಡಿನ ವಿಸ್ಕಿ ವಿಮರ್ಶಕ ಜಿಮ್ ಮರ್ರೆ ತಮ್ಮ ‘ವಿಸ್ಕಿ ಬೈಬಲ್’ನ 2010ರ ಆವೃತ್ತಿಯಲ್ಲಿ ಅದಕ್ಕೆ ನೂರಕ್ಕೆ 97 ಕೊಟ್ಟು, ಜಗತ್ತಿನ ಮೂರನೇ ಅತ್ಯುತ್ತಮ ವಿಸ್ಕಿ ಎಂದರು. ಅಂದಿನಿಂದ ಇಂದಿನವರೆಗೆ ಬೆಂಗಳೂರಿನವರು ಈ ಅಂಕವನ್ನು ರ್‍ಯಾಂಕ್ ಬಂದ ಮಗನ ಮಾರ್ಕ್ಸ್ ಕಾರ್ಡಿನಂತೆ ಬಂದವರಿಗೆಲ್ಲ ತೋರಿಸುತ್ತಿದ್ದೇವೆ. ಲೋಟದೊಳಗೆ ಏನಿದೆ ಎಂದು ಕೇಳಿದರೆ ಮಾತ್ರ ‘ಸ್ಮೂತ್ ಆಗಿದೆ’ ಎನ್ನುವುದರಾಚೆಗೆ ಮಾತು ಹೊರಡುವುದಿಲ್ಲ. ಅದು ಸ್ಮೂತ್ ಅಲ್ಲವೇ ಅಲ್ಲ ಎಂಬುದು ಇನ್ನೊಂದು ತಮಾಷೆ.

ಮೈಸೂರು ರಸ್ತೆಯ ಕಂಬೀಪುರದಲ್ಲಿ ಇದನ್ನು ಮಾಡುವ ಬಗೆ ಆಸಕ್ತರಿಗೆ ಗೊತ್ತಿರುವುದೇ. ಪೀಟ್ ಎಂಬ ಜೌಗುಮಣ್ಣಿನ ಹೊಗೆ ಹಿಡಿಸಿದ ಸ್ಕಾಟ್ಲೆಂಡಿನ ಬಾರ್ಲಿ ಕಾಲು ಭಾಗ, ಹೊಗೆಯಿಲ್ಲದ ನಮ್ಮ ಉತ್ತರ ಭಾರತದ ಬಾರ್ಲಿ ಮುಕ್ಕಾಲು ಭಾಗ. ಎರಡನ್ನೂ ಬೇರೆ ಬೇರೆಯಾಗಿಯೇ ಬಟ್ಟಿ ಇಳಿಸಿ, ಬೇರೆ ಬೇರೆ ಪೀಪಾಯಿಗಳಲ್ಲಿ ಮಾಗಿಸಿ, ಕೊನೆಗೆ ಕೆಲವು ತಿಂಗಳು ಒಟ್ಟಿಗೆ ಇಡುತ್ತಾರೆ. ಬಾಟಲಿಗೆ ಇಳಿಯುವುದು ಶೇ. 50 ಆಲ್ಕೋಹಾಲಿನ ಕಡಕಿನಲ್ಲಿ.

ಈಗ ಆ 97 ಹೇಗೆ ಹುಟ್ಟಿತು ನೋಡೋಣ. ಮರ್ರೆಯವರ ಲೆಕ್ಕದಲ್ಲಿ ನಾಲ್ಕು ಖಾನೆಗಳಿವೆ: ಪರಿಮಳ, ರುಚಿ, ನುಂಗಿದ ಮೇಲೆ ಉಳಿಯುವ ಸ್ವಾದ, ಇವೆಲ್ಲದರ ಸಮತೋಲ. ಒಂದೊಂದಕ್ಕೂ 25. ಬೆಲೆಗೆ ಖಾನೆಯಿಲ್ಲ, ಊಟಕ್ಕೆ ಖಾನೆಯಿಲ್ಲ. ನೀರಿಗಂತೂ ಪ್ರವೇಶವೇ ಇಲ್ಲ. ಅವರ ಪ್ರಸಿದ್ಧ ರುಚಿ ನೋಡುವ ವಿಧಾನದಲ್ಲಿ ಸಕ್ಕರೆಯಿಲ್ಲದ ಕಪ್ಪು ಕಾಫಿಯಿಂದ ಬಾಯಿ ಶುದ್ಧ ಮಾಡಿಕೊಳ್ಳಬೇಕು, ಲೋಟವನ್ನು ಮೈಬಿಸಿಗೆ ತರಬೇಕು, ಏನನ್ನೂ ಬೆರೆಸಬಾರದು, ರುಚಿ ನೋಡಿ ಉಗುಳಬೇಕು. ದಿನವೆಲ್ಲ ಸಾಲುಸಾಲು ವಿಸ್ಕಿ ಪರೀಕ್ಷಿಸುವವರಿಗೆ ಇದು ಅನಿವಾರ್ಯ, ಒಪ್ಪಿದೆ. ಆದರೆ ಸಂಜೆ ಒಂದೋ ಎರಡೋ ಪೆಗ್ ಕುಡಿಯುವವನಿಗೆ ಈ ಕಟ್ಟಳೆಯಲ್ಲಿ ಹುಟ್ಟಿದ ಅಂಕ ಎಷ್ಟು ಉಪಯೋಗಕ್ಕೆ ಬಂದೀತು? ಕಾದಂಬರಿಗೆ ಯಾರೂ ನೂರಕ್ಕೆ ಇಷ್ಟು ಎಂದು ಅಂಕ ಹಾಕುವುದಿಲ್ಲ. ಹಾಕಿದರೆ ನಾವೇ ನಗುತ್ತೇವೆ. ವಿಸ್ಕಿಯ ವಿಷಯದಲ್ಲಿ ಮಾತ್ರ ಅರ್ಧ ಅಂಕದ ವ್ಯತ್ಯಾಸಕ್ಕೂ ತಲೆಬಾಗುತ್ತೇವೆ.

ಫ್ಯೂಷನ್ ಅನ್ನು ಏನೂ ಬೆರೆಸದೆ ಮೂಗಿನ ಹತ್ತಿರ ತಂದರೆ ಮೊದಲು ಸಿಗುವುದು ಸುಟ್ಟ ಸಕ್ಕರೆ, ಬೆನ್ನಿಗೇ ಕಣ್ಣಂಚು ಚುರುಗುಟ್ಟಿಸುವ ಸ್ಪಿರಿಟ್. ಹೊಗೆ ಇದೆ ಎಂದು ಗೊತ್ತಾಗುತ್ತದೆ, ಎಲ್ಲಿದೆ ಎಂದು ಗೊತ್ತಾಗುವುದಿಲ್ಲ. ನಾಲಿಗೆಯ ಮೇಲೆ ಬಾರ್ಲಿಯ ಸಿಹಿ ಬಂದಂತಾಗುವಷ್ಟರಲ್ಲಿ ಕಾಳುಮೆಣಸಿನ ಖಾರ ಅದನ್ನು ತಳ್ಳುತ್ತದೆ. ನುಂಗಿದ ಮೇಲೆ ಮರದ ಒಗರು ದವಡೆಯ ಎರಡೂ ಬದಿಗೆ ಹಿಡಿದು ಕೂರುತ್ತದೆ. ಕೆಟ್ಟದ್ದೇನಲ್ಲ, ಆದರೆ ಗದ್ದಲ. ಸಮತೋಲದ ಖಾನೆಯಲ್ಲಿ ನನ್ನ ಕೈ ಅಷ್ಟು ಧಾರಾಳವಾಗಲಾರದು.

ಇದೇ 60 ಎಂಎಲ್‌ಗೆ ಒಂದು ಚಮಚಕ್ಕಿಂತ ಚೂರು ಹೆಚ್ಚು, ಸುಮಾರು 7 ಎಂಎಲ್ ನೀರು ಹಾಕಿ. ಕಡಕು 50ರಿಂದ 45ಕ್ಕೆ ಇಳಿಯುತ್ತದೆ. ಒಂದೆರಡು ನಿಮಿಷ ಬಿಟ್ಟು ಮೂಸಿದರೆ ಹೊಗೆ ಎದುರಿಗೇ ಬಂದು ನಿಂತಿರುತ್ತದೆ. ಒಣ ಹೊಗೆ ಅದು, ಆಸ್ಪತ್ರೆಯ ವಾಸನೆಯದ್ದಲ್ಲ. ಅದರ ಹಿಂದೆ ಕಿತ್ತಳೆ ಸಿಪ್ಪೆ, ಅದರ ಹಿಂದೆ ಹುರಿದ ಕಾಫಿ ಬೀಜದ ಕಹಿ. ಮೊದಲು ಒಂದರ ಮೇಲೊಂದು ಬೀಳುತ್ತಿದ್ದ ರುಚಿಗಳು ಈಗ ಸಾಲಾಗಿ ಬರುತ್ತವೆ. ಇನ್ನೂ ನೀರು ಹಾಕಿ ಸಮಸಮ ಮಾಡಿದರೆ ಸಿಹಿ ಮುಂದಾಗಿ ಹೊಗೆ ತಳದಲ್ಲಿ ಉಳಿಯುತ್ತದೆ. ಒಗರು ಬಹುಮಟ್ಟಿಗೆ ಕರಗುತ್ತದೆ. ಹೊಗೆಯ ಬಾರ್ಲಿ ಕಾಲು ಭಾಗ ಮಾತ್ರ ಏಕೆ ಎಂಬುದಕ್ಕೆ ಉತ್ತರ ಸಿಗುವುದು ಇಲ್ಲೇ. ಅದಕ್ಕಿಂತ ಹೆಚ್ಚಿದ್ದರೆ ನೀರು ಬಿದ್ದಾಗ ಬರೀ ಹೊಗೆಯೇ ಉಳಿಯುತ್ತಿತ್ತು, ಕಡಿಮೆಯಿದ್ದರೆ ಸಕ್ಕರೆ ನೀರಾಗುತ್ತಿತ್ತು. ಈ ವಿಸ್ಕಿಯ ಕುಶಲತೆ ಇರುವುದೇ ಈ ಪ್ರಮಾಣದಲ್ಲಿ, ಅದು ಕಾಣಬೇಕಾದರೆ ನೀರು ಬೇಕು.

ಇದಕ್ಕೆ ವಿಜ್ಞಾನದ ಬೆಂಬಲವೂ ಇದೆ. 2017ರಲ್ಲಿ ಸ್ವೀಡನ್ನಿನ ಇಬ್ಬರು ಸಂಶೋಧಕರು ಕಂಪ್ಯೂಟರಿನಲ್ಲಿ ನೀರು ಮತ್ತು ಆಲ್ಕೋಹಾಲಿನ ಅಣುಗಳ ವರ್ತನೆಯನ್ನು ಅನುಕರಿಸಿ ನೋಡಿದರು. ವಿಸ್ಕಿಗೆ ಹೊಗೆಯ ರುಚಿ ಕೊಡುವ ಗ್ವಾಯಾಕಾಲ್ ಎಂಬ ವಸ್ತು, ಆಲ್ಕೋಹಾಲು ಶೇ. 45ರವರೆಗೆ ಇದ್ದಾಗ ದ್ರವದ ಮೇಲ್ಮೈಯಲ್ಲಿ, ಅಂದರೆ ಮೂಗಿಗೆ ಸಿಗುವ ಜಾಗದಲ್ಲಿ ಉಳಿಯುತ್ತದೆ, ಕಡಕು ಶೇ. 59 ದಾಟಿದರೆ ಒಳಗೆ ಅಡಗುತ್ತದೆ. ಡಿಸ್ಟಿಲರಿಗಳ ಬ್ಲೆಂಡರುಗಳಿಗೆ ಈ ಲೆಕ್ಕವೆಲ್ಲ ಬೇಕಿಲ್ಲ. ಪೀಪಾಯಿಯ ಮಾಲನ್ನು ಅವರು ಮೂಸುವಾಗ ಶೇ. 20ರ ಆಸುಪಾಸಿಗೆ ಇಳಿಸಿಕೊಂಡೇ ಮೂಸುವುದು ವಾಡಿಕೆ. ಮಾಡುವವರು ನೀರು ಹಾಕಿ ಪರೀಕ್ಷಿಸಿದ್ದನ್ನು ಮರ್ರೆ ನೀರಿಲ್ಲದೆ ಪರೀಕ್ಷಿಸಿ ಪಟ್ಟ ಕಟ್ಟಿದರು.

ಫ್ಯೂಷನ್ ಹುಟ್ಟುವ ಮೊದಲಿನ ಕತೆ ಇದಕ್ಕಿಂತ ಸ್ವಾರಸ್ಯ. ಅಮೃತ್‌ನ ಮಾಲ್ಟ್ ವಿಸ್ಕಿಯನ್ನು ಬ್ರಿಟನ್ನಿನಲ್ಲಿ ಮಾರಬಹುದೇ ಎಂದು ಕಂಪನಿಯ ಮುಖ್ಯಸ್ಥರಾಗಿದ್ದ ನೀಲಕಂಠ ರಾವ್ ಜಗದಾಳೆ ಅಲ್ಲಿ ಎಂಬಿಎ ಓದುತ್ತಿದ್ದ ಮಗ ರಕ್ಷಿತ್‌ಗೆ ವಿಚಾರಿಸಲು ಹೇಳಿದಾಗ, ಅವರ ಕಣ್ಣಿದ್ದದ್ದು ಅಲ್ಲಿನ ಇಂಡಿಯನ್ ರೆಸ್ಟೋರೆಂಟುಗಳ ಮೇಲೆ. 2004ರಲ್ಲಿ ಗ್ಲಾಸ್ಗೋದಲ್ಲಿ ಬಿಡುಗಡೆಯಾದದ್ದೂ ಅಂಥದ್ದೇ ಒಂದು ರೆಸ್ಟೋರೆಂಟಿನಲ್ಲಿ. ಮಸಾಲೆಯ ತಟ್ಟೆ ಎದುರಿಗಿಟ್ಟುಕೊಂಡು ಕುಡಿಯಲೆಂದು ಹೊರಟ ಮಾಲ್ಟು ಇದು. ನೀಟ್, ಅಂದರೆ ಏನೂ ಬೆರೆಸದ ಲೋಟ ಅದಕ್ಕೆ ಮರ್ಯಾದೆ ತಂದಿತು, ನಿಜ. ಜೊತೆಗೆ ಅದರ ಮೂಲ ಉದ್ದೇಶವನ್ನು ಮರೆಸಿತು. ಬೆಂಗಳೂರಿನ ಅಂಗಡಿಗಳಿಗೆ ಅದು ಬಂದದ್ದು 2010ರಲ್ಲಿ, ಅಂಕಪಟ್ಟಿ ಕೈಯಲ್ಲಿ ಹಿಡಿದೇ ಬಂತು.

ಹಾಗೆ ಬಂದದ್ದರಿಂದಲೇ ಇಲ್ಲಿ ಒಂದು ಮಡಿವಂತ ಕುಲ ಹುಟ್ಟಿಕೊಂಡಿದೆ. ಇವರಿಗೆ ಟ್ಯೂಲಿಪ್ ಆಕಾರದ ಲೋಟವೇ ಆಗಬೇಕು. ಪಕ್ಕದ ಟೇಬಲ್ಲಿನವರು ಮಾಲ್ಟಿಗೆ ಸೋಡಾ ಸುರಿದರೆ ಅಪಚಾರವಾದಂತೆ ಮುಖ ಕಿವುಚುತ್ತಾರೆ. ನೀರು ಬೇಕೇ ಬೇಕೆಂದರೆ ಡ್ರಾಪರಿನಲ್ಲಿ ಎರಡು ಹನಿ, ತೀರ್ಥ ಕೊಟ್ಟ ಹಾಗೆ. ಎರಡು ಹನಿಯಿಂದ 50 ಎಂಬುದು 49.9 ಕೂಡ ಆಗುವುದಿಲ್ಲ ಎಂದು ಯಾರಾದರೂ ಇವರಿಗೆ ಲೆಕ್ಕ ಹೇಳಬೇಕು. ಬೇಸಗೆಯ ಊರಿನಲ್ಲಿ, ಕಾಂಗ್ರೆಸ್ ಕಡಲೆಕಾಯಿ, ಪೆಪ್ಪರ್ ಚಿಕನ್ ಜೊತೆ, ಉದ್ದ ಲೋಟದಲ್ಲಿ ಕುಡಿಯುವುದು ನಮ್ಮ ರೂಢಿ. ಅದಕ್ಕೆ ಕಾರಣವಿದೆ. ಖಾರ ತಿಂದ ಬಾಯಿಗೆ ಶೇ. 50ರ ಸ್ಪಿರಿಟ್ ಬಿದ್ದರೆ ಉರಿಯ ಮೇಲೆ ಉರಿ, ಮತ್ತೇನೂ ತಿಳಿಯುವುದಿಲ್ಲ. ಈ ರೂಢಿಯನ್ನು ಅಜ್ಞಾನ ಎನ್ನುವ ವಿಮರ್ಶಕರು ತಾವು ಪರಿಶೀಲಿಸಬೇಕಾದ ಪದ್ಧತಿಯನ್ನೇ ಕೋಣೆಯಿಂದ ಹೊರಗಿಟ್ಟಿದ್ದಾರೆ. ಯಾವ ವಿಸ್ಕಿ ಸೋಡಾದೊಳಗೂ ತನ್ನತನ ಉಳಿಸಿಕೊಳ್ಳುತ್ತದೆ ಎಂದು ನಮಗೆ ಹೇಳಬೇಕಾದವರೇ ಇವರು. ಹೇಳುತ್ತಿರುವುದು ಗ್ಲಾಸ್ಗೋದವರಿಗೆ ಬೇಕಾದ ವಿಷಯ. ಈ ಮಡಿವಂತರ ಮಾತುಗಳ ಪೈಕಿ ಒಂದಕ್ಕೆ ಮಾತ್ರ ನನ್ನ ಸಹಮತ: ಐಸ್ ಬೇಡ. ಫ್ಯೂಷನ್ ಅನ್ನು ತಣ್ಣಗೆ ಮಾಡಿ ಸೋಸುವುದಿಲ್ಲವಾದ್ದರಿಂದ ಐಸ್ ಮತ್ತು ನೀರು ಬಿದ್ದರೆ ಎಣ್ಣೆಯಂಶ ಬೇರ್ಪಟ್ಟು ಮಸುಕಾಗುತ್ತದೆ. ಕಲಬೆರಕೆಯೆಂದು ಗಾಬರಿಯಾಗಬೇಕಿಲ್ಲ, ಆದರೆ ಚಳಿಗೆ ಪರಿಮಳ ಮುದುಡುತ್ತದೆ.

ಇನ್ನೊಂದು ಬಣ ಮಗ್ಗಿ ಹೇಳುವವರದ್ದು. ಬೆಂಗಳೂರಿನ ಒಂದು ವರ್ಷ ಸ್ಕಾಟ್ಲೆಂಡಿನ ಮೂರು ವರ್ಷಕ್ಕೆ ಸಮ, ಹಾಗಾಗಿ ನಾಲ್ಕು ವರ್ಷದ್ದು ಹನ್ನೆರಡು ವರ್ಷದ್ದಕ್ಕೆ ಸಮ, ಹಾಗಾಗಿ ಬೆಲೆಯೂ ಸಮ. ಬಿಸಿಲಿನಲ್ಲಿ ಮರದ ಬಣ್ಣ, ಸಿಹಿ, ಒಗರು ಬೇಗ ಇಳಿಯುವುದು ಹೌದು. ಆದರೆ ಪೀಪಾಯಿಯೊಳಗೆ ಗಾಳಿ ಆಡಿ ಸ್ಪಿರಿಟ್ ನಿಧಾನಕ್ಕೆ ಮೆತ್ತಗಾಗುವ ಕೆಲಸ ಅದೇ ವೇಗದಲ್ಲಿ ಓಡುವುದಿಲ್ಲ. ಮೇಲೆ ಹೇಳಿದ ಆ ಗದ್ದಲ ಬಂದದ್ದು ಅಲ್ಲಿಂದಲೇ ಎಂದು ನನ್ನ ಎಣಿಕೆ. ಇನ್ನು ಆವಿಯ ಲೆಕ್ಕ. ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಸುಮಾರು ಶೇ. 2 ಹಾರಿಹೋದರೆ ಇಲ್ಲಿ 10ರಿಂದ 12. ಶೇ. 10 ಎಂದೇ ಹಿಡಿದರೂ ನೂರು ಲೀಟರಿನಲ್ಲಿ ನಾಲ್ಕು ವರ್ಷಕ್ಕೆ ಉಳಿಯುವುದು 66. ಸ್ಕಾಟ್ಲೆಂಡಿನಲ್ಲಿ ಹನ್ನೆರಡು ವರ್ಷ ಇಟ್ಟರೂ 78 ಉಳಿಯುತ್ತದೆ. ತಯಾರಕರ ನಷ್ಟ ದೊಡ್ಡದು, ಒಪ್ಪೋಣ. ಆದರೆ ಹಾರಿಹೋದ ಪಾಲಿನ ರುಚಿ ನನ್ನ ಲೋಟದಲ್ಲಿಲ್ಲ. ಅದಕ್ಕೆ ದುಡ್ಡು ಕೊಡುವಾಗ ಗೊತ್ತಿದ್ದೇ ಕೊಡಬೇಕು.

ದುಡ್ಡಿನ ಮಾತಿಗೆ ಬಂದರೆ, ಕರ್ನಾಟಕದಲ್ಲಿ ಎರಡು ಬಾಟಲಿಗಳ ಎಂಆರ್‌ಪಿ ಹೋಲಿಸುವುದೆಂದರೆ ಬಹುಪಾಲು ಎರಡು ತೆರಿಗೆಗಳನ್ನು ಹೋಲಿಸಿದಂತೆ. ಅಬಕಾರಿ ಸ್ಲ್ಯಾಬು ಎಲ್ಲರ ಮೇಲೂ ಬೀಳುತ್ತದೆ. ಹೊರಗಿನ ಸ್ಕಾಚಿನ ಮೇಲೆ ಅದಕ್ಕೂ ಮೊದಲೇ ಶೇ. 150ರ ಆಮದು ಸುಂಕ ಕೂತಿರುತ್ತಿತ್ತು. 2025ರ ಜುಲೈನಲ್ಲಿ ಸಹಿಯಾದ ಭಾರತ–ಬ್ರಿಟನ್ ಒಪ್ಪಂದ ಅದನ್ನು ಮೊದಲು 75ಕ್ಕೆ, ಹತ್ತು ವರ್ಷದಲ್ಲಿ 40ಕ್ಕೆ ಇಳಿಸುವುದಾಗಿ ಹೇಳುತ್ತದೆ. ಫ್ಯೂಷನ್ ‘ಅಗ್ಗ’ ಎಂಬ ವಾದ ಈ ಸುಂಕದ ನೆರಳಲ್ಲಿ ಬೆಳೆದದ್ದು. ನಿಲ್ಲುವ ವಾದ ಬೇರೆಯಿದೆ. ಇಲ್ಲಿ ಸಿಗುವ ಬಹುತೇಕ ಬಾಟಲಿಗಳ ಮೇಲೆ 42.8 ಎಂದಿರುತ್ತದೆ. ಬ್ರಿಟಿಷರ ಕಾಲದ ಪ್ರೂಫ್ ಲೆಕ್ಕದ 75 ಡಿಗ್ರಿ ಅದು, ಇನ್ನೂ ಹಾಗೇ ಉಳಿದಿದೆ. 750 ಎಂಎಲ್ ಬಾಟಲಿಯಲ್ಲಿ ಅದರಿಂದ ಸಿಗುವ ಆಲ್ಕೋಹಾಲು 321 ಎಂಎಲ್, ಫ್ಯೂಷನ್‌ನಿಂದ 375. ಹೆಚ್ಚು ಕಡಿಮೆ ಶೇ. 17 ಹೆಚ್ಚು. ಹೆಚ್ಚು ಅಮಲು ಸಿಗುತ್ತದೆಂದು ನಾನು ಇದನ್ನು ಹೇಳುತ್ತಿಲ್ಲ. 60 ಎಂಎಲ್‌ಗೆ 120 ಎಂಎಲ್ ಸೋಡಾ ಹಾಕಿದಾಗ ಒಂದು 14ಕ್ಕೆ ಇಳಿದರೆ ಇನ್ನೊಂದು 17ರ ಹತ್ತಿರ ನಿಲ್ಲುತ್ತದೆ, ರುಚಿಯ ಮೈಕಟ್ಟು ಉಳಿಯುವುದು ಆ ಅಂತರದಲ್ಲಿ. ಮೃದುವೆಂದು ಹೆಸರಾದ ಹನ್ನೆರಡು ವರ್ಷದ ಸ್ಕಾಚುಗಳು ನೀಟ್ ಆಗಿ ಫ್ಯೂಷನ್‌ಗಿಂತ ಸೊಗಸು. ಸೋಡಾ ಬಿದ್ದರೆ ಅರ್ಧ ಲೋಟ ಮುಗಿಯುವ ಹೊತ್ತಿಗೆ ತೆಳ್ಳಗಾಗುತ್ತವೆ. ಕಾಕಂಬಿಯ ಸ್ಪಿರಿಟ್ಟಿಗೆ ಒಂದಿಷ್ಟು ಮಾಲ್ಟ್ ಬೆರೆಸಿದ ಅಗ್ಗದ ಬಾಟಲಿಗಳಲ್ಲಿ ಆಗ ಉಳಿಯುವುದು ಕ್ಯಾರಮೆಲ್ಲಿನ ಸಿಹಿ ಮಾತ್ರ. ಅಮೃತ್‌ನದೇ ಶೇ. 46ರ ಸಾದಾ ಮಾಲ್ಟಿಗೂ ಹೊಗೆಯ ಆಸರೆಯಿಲ್ಲದೆ ಸೋಡಾದಲ್ಲಿ ಏದುಸಿರು ಬರುತ್ತದೆ.

ಹಾಗಾಗಿ ನೀಟ್ ಕುಡಿಯುವವರು ಫ್ಯೂಷನ್‌ಗೆ ಕೊಡುವ ದುಡ್ಡು ಹೆಚ್ಚಾಯಿತೆಂದೇ ನನ್ನ ಅಭಿಪ್ರಾಯ. ನೀರು, ಸೋಡಾ ಹಾಕುವವರಿಗೆ ಅದಕ್ಕೆ ಎದುರು ನಿಲ್ಲುವುದು ಆ ಬೆಲೆಯಲ್ಲಿ ಕಷ್ಟ. ನಂಬದವರು ಬಾರಿನಲ್ಲಿ ಫ್ಯೂಷನ್ 30, ಇಷ್ಟದ ಸ್ಕಾಚ್ 30 ತರಿಸಿ, ಎರಡಕ್ಕೂ ಅಳೆದು 60 ಸೋಡಾ ಹಾಕಿ, ಖಾರದ ಕಡಲೆಕಾಯಿ ಬಾಯಿಗೆ ಹಾಕಿಕೊಂಡ ಮೇಲೆ ಒಂದೊಂದು ಗುಟುಕು ಕುಡಿಯಲಿ. ಐಸ್ ಬೇಡವೆಂದು ಆರ್ಡರ್ ಕೊಡುವಾಗಲೇ ಹೇಳಬೇಕು, ಇಲ್ಲದಿದ್ದರೆ ಕೇಳದೆಯೇ ಹಾಕಿ ತರುತ್ತಾರೆ.