ಖಡ್ಗ-ಮಾಯಾಕಥೆಗಳ ಆಕರ್ಷಣೆ

ವೀರ ಮತ್ತು ಭಯಾನಕ ರಸಗಳೆರಡೂ ಒಂದೇ ಕಥೆಯಲ್ಲಿ ಸಮಬಲದಿಂದ ನಿಲ್ಲುವುದು ಕಷ್ಟ. ವೀರವು ಮೇಲುಗೈಯಾದರೆ ಭಯವು ಬರಿಯ ತೋರಿಕೆಯಾಗುತ್ತದೆ, ಭಯವೇ ಪ್ರಧಾನವಾದರೆ ನಾಯಕನಿಗೆ ಪಲಾಯನದ ಹೊರತು ಬೇರೆ ಕಾರ್ಯವುಳಿಯುವುದಿಲ್ಲ. ಈ ಎರಡನ್ನೂ ಎದುರುಬದುರಾಗಿ ನಿಲ್ಲಿಸಿ, ಆ ಸಂಘರ್ಷದಿಂದಲೇ ಒಂದು ಕಥಾಪ್ರಕಾರಕ್ಕೆ ಜನ್ಮವಿತ್ತವನು, ಅಮೆರಿಕದ ಟೆಕ್ಸಾಸ್ ಪ್ರಾಂತದ ಕ್ರಾಸ್ ಪ್ಲೇನ್ಸ್ ಎಂಬ ಸಣ್ಣ ಊರಿನಲ್ಲಿ ಬಾಳಿ, 1936ರಲ್ಲಿ, ತನ್ನ ಮೂವತ್ತನೆಯ ವಯಸ್ಸಿನಲ್ಲಿ, ಸ್ವಹಸ್ತದಿಂದಲೇ ಪ್ರಾಣವನ್ನು ನೀಗಿಕೊಂಡ ರಾಬರ್ಟ್ ಇ. ಹೊವಾರ್ಡ್. ‘ವಿಯರ್ಡ್ ಟೇಲ್ಸ್’ ಎಂಬ ಅಗ್ಗದ ಕಾಗದದ ಮಾಸಪತ್ರಿಕೆಯಲ್ಲಿ 1929ರಲ್ಲಿ ಅವನ ಕುಲ್ ರಾಜನ ಕಥೆಯೂ, 1932ರ ಡಿಸೆಂಬರಿನಲ್ಲಿ ಕೊನಾನನೆಂಬ ಅನಾಗರಿಕ ವೀರನ ಮೊದಲ ಕಥೆಯೂ ಬೆಳಕು ಕಂಡುವು. ಈ ಪ್ರಕಾರಕ್ಕೆ ‘ಖಡ್ಗ-ಮಾಯೆ’ ಎಂಬರ್ಥದ ಇಂದಿನ ಹೆಸರನ್ನು 1961ರಲ್ಲಿ ಸೂಚಿಸಿದವನು ಲೇಖಕ ಫ್ರಿಟ್ಜ್ ಲೈಬರ್. ಅಷ್ಟರಲ್ಲಿ ಅದರ ಮೂಲಪುರುಷನು ಗತಿಸಿ ಕಾಲು ಶತಮಾನವಾಗಿತ್ತು.

ಇಂಥ ಕಥೆಗಳು ದುರ್ಬಲರ ಬಲದ ಕನಸುಗಳು, ಎಳೆಯರ ಹಗಲುಗನಸುಗಳು ಎಂದು ತಳ್ಳಿಹಾಕುವ ವಿಮರ್ಶಕರುಂಟು. ಪ್ರಕಾರದ ಕೆಳಮಟ್ಟದ ಕೃತಿಗಳಿಗೆ ಆ ಮಾತು ಸಲ್ಲುತ್ತದೆ. ಉತ್ತಮ ಕೃತಿಗಳಿಗೆ ಸರ್ವಥಾ ಸಲ್ಲದು. 1933ರಲ್ಲಿ ಅಚ್ಚಾದ ‘ದಿ ಟವರ್ ಆಫ್ ದಿ ಎಲಿಫೆಂಟ್’ ಎಂಬ ಕಥೆಯನ್ನೇ ನೋಡಬಹುದು. ತರುಣನಾದ ಕೊನಾನನು ಯಾರಾ ಎಂಬ ಮಾಂತ್ರಿಕನ ಗೋಪುರದೊಳಗೆ ರತ್ನವೊಂದನ್ನು ಕದಿಯಲೆಂದು ನುಗ್ಗುತ್ತಾನೆ. ಒಳಗೆ ಅವನಿಗೆ ಎದುರಾಗುವುದು ಕಾವಲಿನ ರಾಕ್ಷಸನಲ್ಲ. ನಕ್ಷತ್ರಲೋಕದಿಂದ ಭೂಮಿಗಿಳಿದು, ಮಾಂತ್ರಿಕನ ಸೆರೆಯಲ್ಲಿ ಶತಮಾನಗಳ ಕಾಲ ಚಿತ್ರಹಿಂಸೆಯನ್ನುಂಡು, ಕಣ್ಣು ಕಳೆದುಕೊಂಡು, ಅಂಗಾಂಗ ಮುರಿದು ಬಿದ್ದಿರುವ ಗಜಮುಖದ ಜೀವಿಯೊಂದು. ಕತ್ತಿ ಹಿರಿದು ಬಂದ ಕಳ್ಳನ ಮನಸ್ಸಿನಲ್ಲಿ, ತಾನು ಮಾಡದ ಪಾಪಕ್ಕೆ ತನ್ನ ಕುಲವೆಲ್ಲ ಹೊಣೆಯೆಂಬಂಥ ಲಜ್ಜೆಯೂ ಕರುಣೆಯೂ ತುಂಬುತ್ತವೆ. ಆ ಜೀವಿಯೇ ಬೇಡಿಕೊಂಡಂತೆ ಅವನು ಅದಕ್ಕೆ ಮರಣವನ್ನು ದಯಪಾಲಿಸುತ್ತಾನೆ, ಅದರ ಪ್ರತೀಕಾರಕ್ಕೆ ಸಾಧನವಾಗುತ್ತಾನೆ, ಗೋಪುರವು ಕುಸಿದು ಬೀಳುವಾಗ ಬರಿಗೈಯಲ್ಲಿ ಹೊರನಡೆಯುತ್ತಾನೆ. ಬಲದ ಕನಸೆಂದು ಕರೆಯಲು ಇದರಲ್ಲಿ ಏನಿದೆ? ವೀರದಿಂದ ಹೊರಟು, ಭಯಾನಕವನ್ನು ಹಾದು, ಕರುಣರಸದಲ್ಲಿ ನೆಲೆಗೊಳ್ಳುವ ಈ ಗತಿಯನ್ನು ಇಪ್ಪತ್ತಾರು ಇಪ್ಪತ್ತೇಳರ ಹರೆಯದ ಲೇಖಕನೊಬ್ಬನು ಅಗ್ಗದ ಪತ್ರಿಕೆಯ ಕೆಲವೇ ಪುಟಗಳಲ್ಲಿ ಸಾಧಿಸಿದನೆಂಬುದು ನನಗೆ ಇಂದಿಗೂ ವಿಸ್ಮಯದ ಸಂಗತಿ.

ಈ ಪ್ರಕಾರದ ಸೊಗಸಿನ ಮರ್ಮ, ನನ್ನ ಮಟ್ಟಿಗೆ, ಅದರ ಮಿತಿಯಲ್ಲಿಯೇ ಇದೆ. 1954-55ರಲ್ಲಿ ಹೊರಬಂದ ಟೋಲ್ಕೀನನ ಮಹಾಕಥನದಲ್ಲಿ ಲೋಕದ ಅಳಿವು ಉಳಿವುಗಳೇ ಪಣವಾಗಿವೆ. ಇಲ್ಲಿ ಪಣವು ಒಂದು ಜೀವ, ಒಂದು ರಾತ್ರಿ, ಒಂದು ರತ್ನ. ನಮ್ಮ ಪುರಾಣೇತಿಹಾಸಗಳ ವೀರನು ತಪಸ್ಸಿನಿಂದ ಅಸ್ತ್ರವನ್ನು ಪಡೆಯುತ್ತಾನೆ, ಮಂತ್ರವು ಅವನ ಬಾಣದ ತುದಿಯಲ್ಲಿಯೇ ನೆಲೆಸಿರುತ್ತದೆ. ಹೊವಾರ್ಡನ ವೀರನಿಗಾದರೋ ಮಂತ್ರವೆಂಬುದು ಸದಾ ಪರಕೀಯ, ಸದಾ ಅಶುಭ, ಮುಟ್ಟಿದವನನ್ನು ಕೆಡಿಸದೆ ಬಿಡದ ವಸ್ತು. ದೇವತೆಗಳ ಅನುಗ್ರಹವಿಲ್ಲದೆ, ವಿಧಿಯ ಆಶ್ವಾಸನೆಯಿಲ್ಲದೆ, ತನ್ನ ತೋಳಿನ ಬಲಕ್ಕೆ ಮೀರಿದುದನ್ನು ಎದುರಿಸಿ ನಿಂತ ಮರ್ತ್ಯನೊಬ್ಬನ ಧೃತಿಯನ್ನು ಕಂಡು ವಾಚಕನು ಆಕರ್ಷಿತನಾಗುತ್ತಾನೆ. ಏಕೆಂದರೆ ಅವನ ಬಾಳಿನ ಪಾಡೂ ಬಹುಮಟ್ಟಿಗೆ ಅಂಥದೇ.

ಹೊವಾರ್ಡನಿಗೆ ಈ ದರ್ಶನವು ಪುಸ್ತಕಗಳಿಂದ ಮಾತ್ರ ಬಂದುದಲ್ಲ. ಎಣ್ಣೆಬಾವಿಗಳು ಹೊಮ್ಮಿದಾಗ ತನ್ನ ಊರಿಗೆ ಹಣವೂ ಗೂಂಡಾಗಿರಿಯೂ ಒಟ್ಟಿಗೆ ನುಗ್ಗಿದುದನ್ನು ಅವನು ಕಣ್ಣಾರೆ ಕಂಡಿದ್ದನು. 1930ರಿಂದ ಭಯಾನಕ ಕಥೆಗಾರ ಲವ್‌ಕ್ರಾಫ್ಟನೊಡನೆ ನಡೆಸಿದ ದೀರ್ಘ ಪತ್ರವ್ಯವಹಾರದಲ್ಲಿ, ನಾಗರಿಕತೆಯ ಪರವಾಗಿ ವಾದಿಸಿದ ಆ ಹಿರಿಯನಿಗೆ ಪ್ರತಿಯಾಗಿ ಅನಾಗರಿಕ ಬಾಳಿನ ಪಕ್ಷವನ್ನು ಹಿಡಿದನು. 1935ರ ‘ಬಿಯಾಂಡ್ ದಿ ಬ್ಲ್ಯಾಕ್ ರಿವರ್’ ಕಥೆಯಲ್ಲಿ ಗಡಿನಾಡಿನ ಕೋಟೆ ನಾಶವಾಗುತ್ತದೆ, ತರುಣ ಸಂಗಾತಿ ಮಡಿಯುತ್ತಾನೆ. ಕೊನಾನನು ಬದುಕುಳಿಯುತ್ತಾನೆ, ಅಷ್ಟೆ. ಗೆಲುವೆಂದು ಕರೆಯಬಹುದಾದದ್ದು ಅಲ್ಲಿ ಏನೂ ಇಲ್ಲ.

ಇದೇ ಬೀಜದಿಂದ ಇತರರು ಬೇರೆ ಬೇರೆ ಫಲಗಳನ್ನು ತೆಗೆದರು. ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದ ಸಿ. ಎಲ್. ಮೂರ್ ಎಂಬ ಲೇಖಕಿಯು 1934ರಲ್ಲಿ ಜಾಯಿರಿಯ ಜಿರೆಲ್ ಎಂಬ ವೀರನಾರಿಯನ್ನು ಸೃಷ್ಟಿಸಿದಳು. ತನ್ನ ಕೋಟೆಯನ್ನು ಗೆದ್ದವನ ಮೇಲೆ ಸೇಡು ತೀರಿಸಿಕೊಳ್ಳಲು ಜಿರೆಲ್ ಪಾತಾಳಕ್ಕಿಳಿದು ಆಯುಧವೊಂದನ್ನು ತರುತ್ತಾಳೆ. ಸೇಡು ತೀರಿದ ಕ್ಷಣದಲ್ಲಿ, ತಾನು ಕೊಂದವನನ್ನು ತಾನು ಪ್ರೀತಿಸಿದ್ದೆನೆಂಬುದು ಅವಳಿಗೆ ಗೋಚರವಾಗುತ್ತದೆ. ದ್ವೇಷಾನುರಾಗಗಳ ಈ ಗಂಟನ್ನು ಕಟ್ಟುವ ಸೂಕ್ಷ್ಮತೆ ಹೊವಾರ್ಡನಿಗಿರಲಿಲ್ಲವೆಂದು ನಾನು ನಿಸ್ಸಂಕೋಚವಾಗಿ ಹೇಳಬಲ್ಲೆ. ಲೈಬರನು 1939ರಿಂದ ಬರೆದ ಫಾಫರ್ಡ್ ಮತ್ತು ಗ್ರೇ ಮೌಸರ್ ಜೋಡಿಯ ಕಥೆಗಳಲ್ಲಿ ಸ್ನೇಹವೂ ನಗರದ ಗಲ್ಲಿಗಳೂ ಸೇರಿಕೊಂಡುವು. ಮೈಕೆಲ್ ಮೂರ್‌ಕಾಕನಾದರೋ 1961ರಲ್ಲಿ ಪ್ರಕಾರವನ್ನೇ ತಲೆಕೆಳಗು ಮಾಡಿದನು: ಅವನ ಎಲ್ರಿಕ್ ಬಲಹೀನನಾದ ಚಕ್ರವರ್ತಿ, ಅವನಿಗೆ ಬಲವನ್ನೀಯುವ ಖಡ್ಗವು ಆತ್ಮಗಳನ್ನು ಹೀರುವಂಥದು, ಅದಕ್ಕೆ ಬಲಿಯಾಗುವವರಲ್ಲಿ ಅವನ ಪ್ರಿಯೆಯೂ ಒಬ್ಬಳು. ವೀರನಿಗೂ ಮಾಯೆಗೂ ನಡುವೆ ಹೊವಾರ್ಡನು ಎಳೆದಿದ್ದ ರೇಖೆ ಇಲ್ಲಿ ವೀರನ ಕೈಯಲ್ಲಿಯೇ ಅಳಿಸಿಹೋಯಿತು.

ದೋಷಗಳನ್ನು ಮುಚ್ಚಿಡಲಾಗದು. ಕರಿಯ ಜನರ ವಿಷಯದಲ್ಲಿ ಹೊವಾರ್ಡನ ಬರವಣಿಗೆಯು ಅವನ ಕಾಲದ ಮತ್ತು ಪ್ರಾಂತದ ವರ್ಣದ್ವೇಷವನ್ನು ಹೊತ್ತಿದೆ. ಕಾಲಧರ್ಮವೆಂದು ಅದನ್ನು ವಿವರಿಸಬಹುದು, ಮನ್ನಿಸಲು ಬರುವುದಿಲ್ಲ. ಅವನ ಅನೇಕ ಕಥೆಗಳಲ್ಲಿ ಸ್ತ್ರೀಯು ಅಲಂಕಾರಮಾತ್ರಳು. ಇದಕ್ಕೆ ನಿಜವಾದ ಉತ್ತರವು ಕಥೆಗಳಿಂದಲೇ ಬಂತು: ಚಾರ್ಲ್ಸ್ ಆರ್. ಸಾಂಡರ್ಸ್ ಎಂಬ ಕರಿಯ ಲೇಖಕನು ಆಫ್ರಿಕದ ಪರಂಪರೆಯಿಂದ ಒಡಮೂಡಿದ ಇಮಾರೋ ಎಂಬ ವೀರನನ್ನು ತಂದು, ಪ್ರಕಾರದ ಸತ್ವವನ್ನು ಉಳಿಸಿಕೊಂಡು ಅದರ ವಿಷವನ್ನು ಕಳೆದನು. 1966ರಿಂದ ಚಿತ್ರಕಾರ ಫ್ರಜೆಟ್ಟಾನ ಮುಖಚಿತ್ರಗಳೊಡನೆ ಹೊರಬಂದ ಅಗ್ಗದ ಸಂಪುಟಗಳು ಕೊನಾನನನ್ನು ಲೋಕಪ್ರಸಿದ್ಧನನ್ನಾಗಿ ಮಾಡಿದುವಾದರೂ, ಅವುಗಳಲ್ಲಿ ಡಿ ಕ್ಯಾಂಪ್ ಮತ್ತು ಕಾರ್ಟರ್ ಎಂಬ ಲೇಖಕರು ಮೂಲವನ್ನು ತಿದ್ದಿ ಪೂರ್ತಿಗೊಳಿಸಿದ ಭಾಗಗಳು ಸೇರಿಕೊಂಡುವು. ಅನುಕರಣಕಾರರ ಕೈಯಲ್ಲಿ ಸ್ನಾಯುಗಳು ಉಳಿದುವು, ವಿಷಾದವು ಮಾಯವಾಯಿತು.

ಆದುದರಿಂದ ಈ ಸಂಪ್ರದಾಯವನ್ನು ಅರಿಯಬೇಕೆನ್ನುವ ಸಹೃದಯನು ಚಲಚ್ಚಿತ್ರಗಳಿಂದಾಗಲಿ ನಂತರದ ಸರಣಿಗಳಿಂದಾಗಲಿ ಆರಂಭಿಸದಿರಲಿ. ಹೊವಾರ್ಡನ ಮೂಲಪಾಠವು ಇತರರ ತಿದ್ದುಪಡಿಗಳಿಲ್ಲದೆ ಈಗ ದೊರೆಯುತ್ತದೆ. ಮೊದಲು ಆ ಗೋಪುರದ ಕಥೆಯನ್ನು, ಅನಂತರ ಮೂರಳ ಜಿರೆಲ್ ಕಥೆಯನ್ನು ಓದಲಿ.